ತಡೆಯಾಜ್ಞೆ ಗೆಲುವಲ್ಲ

ಮಧ್ಯಂತರ ತಡೆಯಾಜ್ಞೆ ವ್ಯಾಜ್ಯದ ಯಾವ ಪ್ರಶ್ನೆಗೂ ಉತ್ತರ ಹೇಳುವುದಿಲ್ಲ. ಉತ್ತರ ಸಿಗುವವರೆಗೆ ಮನೆ ಬೀಳದಂತೆ, ಜಮೀನು ಕೈಬದಲಾಗದಂತೆ, ಮರ ಕಡಿದುಹೋಗದಂತೆ ನ್ಯಾಯಾಲಯ ಮಾಡುವ ತಾತ್ಕಾಲಿಕ ಏರ್ಪಾಡು ಅದು. ಆದರೆ ಕೋರ್ಟಿನ ಆವರಣದಲ್ಲಿ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ, ಪತ್ರಿಕೆಗಳ ತಲೆಬರಹದಲ್ಲಿ ಅದಕ್ಕೆ ಬೇರೆಯೇ ಬೆಲೆ ಬಂದಿದೆ. ‘ಸ್ಟೇ ಸಿಕ್ಕರೆ ಅರ್ಧ ಕೇಸು ಗೆದ್ದ ಹಾಗೆ’ ಎಂದು ಕಕ್ಷಿದಾರರು ಹೇಳುತ್ತಾರೆ, ಕೆಲವು ವಕೀಲರೂ ಹೇಳುತ್ತಾರೆ. ಸ್ಟೇ ತಂದವನು ಊರಿನಲ್ಲಿ ಎದೆಯುಬ್ಬಿಸಿ ಓಡಾಡುತ್ತಾನೆ. ಎದುರಾಳಿ ಸೋತವನಂತೆ ರಾಜಿಗೆ ಬರುತ್ತಾನೆ. ಈ ನಂಬಿಕೆ ಕಾನೂನಿನ ಪ್ರಕಾರ ತಪ್ಪು, ಪರಿಣಾಮದಲ್ಲಿ ಅಪಾಯಕಾರಿ. ಅದು ಎಲ್ಲಿ ಎಡವುತ್ತದೆ ಎಂದು ತಿಳಿಯಲು ಮೊದಲು ನ್ಯಾಯಾಲಯದಿಂದ ಹೊರಬೀಳುವ ಕಾಗದಗಳಲ್ಲಿ ಯಾವುದು ಏನೆಂದು ಬಿಡಿಸಿಕೊಳ್ಳಬೇಕು.

ತೀರ್ಪು, ಡಿಕ್ರಿ, ಆದೇಶ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಕಲಮು ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟಿದೆ. ತಾವು ಮುಟ್ಟಿದ ತೀರ್ಮಾನಕ್ಕೆ ನ್ಯಾಯಾಧೀಶರು ಕೊಡುವ ಕಾರಣಗಳ ಹೇಳಿಕೆ ತೀರ್ಪು. ದಾವೆಯಲ್ಲಿ ವಿವಾದಕ್ಕೆ ಬಿದ್ದಿರುವ ಹಕ್ಕುಗಳನ್ನು ಆ ನ್ಯಾಯಾಲಯದ ಮಟ್ಟಿಗೆ ಕೊನೆಯದಾಗಿ ನಿರ್ಧರಿಸುವ ವಿಧ್ಯುಕ್ತ ಘೋಷಣೆ ಡಿಕ್ರಿ. ಡಿಕ್ರಿಯ ಸಾಲಿಗೆ ಸೇರದ ಉಳಿದ ವಿಧ್ಯುಕ್ತ ನಿರ್ಣಯಗಳೆಲ್ಲ ಆದೇಶ. ದಾವೆ ಗೆದ್ದವನ ಕೈಗೆ ಬರುವುದು ಡಿಕ್ರಿ. ದಾವೆ ನಡೆಯುತ್ತಿರುವಾಗ ಹೊರಡುವ ಮಧ್ಯಂತರ ತಡೆಯಾಜ್ಞೆ ಮೂರನೆಯ ಗುಂಪಿಗೆ ಸೇರಿದ್ದು. ದಾವೆ ವಜಾ ಆದ ದಿನವೇ ಅದರ ಆಯುಸ್ಸೂ ಮುಗಿಯುತ್ತದೆ. ಮಧ್ಯಂತರ ಆದೇಶ ಅಂತಿಮ ಆದೇಶದಲ್ಲಿ ಲೀನವಾಗುತ್ತದೆ, ಪ್ರಕರಣ ಬಾಕಿಯಿತ್ತು ಎಂಬ ಒಂದೇ ಕಾರಣಕ್ಕೆ ಯಾವ ಕಕ್ಷಿದಾರನೂ ಲಾಭ ಗಿಟ್ಟಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಕಲಾಭಾರತಿ ಅಡ್ವರ್ಟೈಸಿಂಗ್ ಪ್ರಕರಣದಲ್ಲಿ ಹೇಳಿದೆ. ಮಧ್ಯಂತರ ಆದೇಶವನ್ನು ಮುಂದಿನ ಪ್ರಕರಣಗಳಿಗೆ ಪೂರ್ವನಿರ್ಣಯವೆಂದು ಉದಾಹರಿಸುವಂತಿಲ್ಲ ಎಂಬುದನ್ನು 2009ರಲ್ಲೇ ಅದು ಸ್ಪಷ್ಟಪಡಿಸಿತ್ತು. ಆದರೂ ‘ಹೈಕೋರ್ಟೇ ಹೇಳಿಬಿಟ್ಟಿದೆ’ ಎಂದು ಮಧ್ಯಂತರ ಆದೇಶದ ಜೆರಾಕ್ಸ್ ಪ್ರತಿಯನ್ನು ಕಚೇರಿಯಿಂದ ಕಚೇರಿಗೆ ಹಿಡಿದು ತಿರುಗುವುದು ನಿಂತಿಲ್ಲ.

ಜನರ ಮಾತಿನಲ್ಲಿ ಎಲ್ಲ ಬಗೆಯ ತಡೆಯೂ ‘ಸ್ಟೇ’. ಕಾನೂನಿನಲ್ಲಿ ಅದು ಎರಡು ಬಗೆ. ‘ಇದನ್ನು ಮಾಡಬೇಡ’ ಎಂದು ಕಕ್ಷಿದಾರನಿಗೆ ಹೇಳುವುದು ಇಂಜಂಕ್ಷನ್. ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮಗಳು ಅದರ ಮುಖ್ಯ ಆಧಾರ. ಕೆಳಗಿನ ನ್ಯಾಯಾಲಯದ ಅಥವಾ ಪ್ರಾಧಿಕಾರದ ನಡವಳಿಯನ್ನು ತಡೆದು ನಿಲ್ಲಿಸುವುದು ಸ್ಟೇ. ಮೇಲ್ಮನವಿಯಲ್ಲಿ ಅದಕ್ಕೆ 41ನೇ ಆದೇಶದ 5ನೇ ನಿಯಮ ಆಧಾರ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ ಎಂದೇ ಆ ನಿಯಮ ಶುರುವಾಗುತ್ತದೆ. ತಡೆ ಬೇಕಾದವನು ತನಗೆ ಗಣನೀಯ ನಷ್ಟವಾಗುತ್ತದೆ ಎಂದು ತೋರಿಸಬೇಕು, ತಡಮಾಡದೆ ಬಂದಿರಬೇಕು, ಭದ್ರತೆ ಒದಗಿಸಬೇಕು. ‘ಅಪೀಲು ಹಾಕಿದ್ದೇವೆ, ಇನ್ನು ಯಾರೂ ಮುಟ್ಟುವಂತಿಲ್ಲ’ ಎಂಬ ಧೈರ್ಯಕ್ಕೆ ಈ ನಿಯಮದಲ್ಲಿ ಎಡೆಯಿಲ್ಲ.

ತಡೆಯಾಜ್ಞೆ ನೋಡುವುದು ಏನನ್ನು?

ಪ್ರಚಲಿತ ನಂಬಿಕೆಯ ಮೊದಲ ವಾದ ಹೀಗಿದೆ: ಕೇಸಿನಲ್ಲಿ ಹುರುಳಿಲ್ಲದಿದ್ದರೆ ನ್ಯಾಯಾಧೀಶರು ಸ್ಟೇ ಕೊಡುತ್ತಿದ್ದರೇ? ಕೊಟ್ಟಿದ್ದಾರೆಂದರೆ ಹಕ್ಕು ಇದೆ ಎಂದು ಒಪ್ಪಿದ್ದಾರೆ ಎಂದೇ ಅರ್ಥವಲ್ಲವೇ?

ಅಲ್ಲ. ತಾತ್ಕಾಲಿಕ ಇಂಜಂಕ್ಷನ್ ಕೊಡುವಾಗ ನ್ಯಾಯಾಲಯ ನೋಡುವುದು ಮೂರು ಅಂಶಗಳನ್ನು: ಮೇಲ್ನೋಟಕ್ಕೆ ವಿಚಾರಣೆಗೆ ಅರ್ಹವಾದ ಪ್ರಶ್ನೆ ಇದೆಯೇ, ಆಜ್ಞೆ ಕೊಡುವುದರಿಂದ ಮತ್ತು ಕೊಡದಿರುವುದರಿಂದ ಯಾರಿಗೆ ಹೆಚ್ಚು ತೊಂದರೆ, ಕೊಡದಿದ್ದರೆ ಮುಂದೆ ಹಣದಿಂದ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ. ಮೇಲ್ನೋಟಕ್ಕೆ ಪ್ರಕರಣವಿದೆ ಎಂದರೆ ಹಕ್ಕು ಸಾಬೀತಾಗಿದೆ ಎಂದಲ್ಲ, ಪ್ರಾಮಾಣಿಕವಾಗಿ ಎತ್ತಿದ, ವಿಚಾರಣೆ ನಡೆಸಬೇಕಾದ ಪ್ರಶ್ನೆಯಿದೆ ಎಂದಷ್ಟೇ ಅರ್ಥ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ವಿವರಿಸಿದೆ. ಈ ಹಂತದಲ್ಲಿ ಸಾಕ್ಷಿಗಳ ಪಾಟೀಸವಾಲು ನಡೆದಿರುವುದಿಲ್ಲ, ಮೂಲ ಕ್ರಯಪತ್ರ ಹಾಜರಾಗಿರಬೇಕೆಂದಿಲ್ಲ, ಸಹಿ ಯಾರದೆಂದು ಯಾರೂ ಪರೀಕ್ಷಿಸಿರುವುದಿಲ್ಲ. ಮುಂದಿರುವುದು ಒಂದು ವಾದಪತ್ರ, ಒಂದು ಪ್ರಮಾಣಪತ್ರ, ಕೆಲವು ದಾಖಲೆಗಳ ನಕಲು. ಇಷ್ಟರ ಮೇಲೆ ಹೊರಡುವ ಆಜ್ಞೆಯಲ್ಲಿ ‘ಈ ಜಮೀನು ಇವನದು’ ಎಂಬ ಮಾತು ಇರಲು ಸಾಧ್ಯವೇ ಇಲ್ಲ. ಇಂಥ ಆದೇಶಗಳಲ್ಲಿ ಬಹುಪಾಲಿನ ಕೊನೆಗೆ ‘ಇಲ್ಲಿನ ಅಭಿಪ್ರಾಯಗಳು ದಾವೆಯ ಗುಣಾವಗುಣಗಳ ಮೇಲೆ ಪರಿಣಾಮ ಬೀರತಕ್ಕದ್ದಲ್ಲ’ ಎಂಬ ಅರ್ಥದ ಒಂದು ಸಾಲು ಇರುತ್ತದೆ. ಸ್ಟೇ ತಂದವರು ಓದದೆ ಬಿಡುವುದು ಆ ಸಾಲನ್ನೇ.

ಏಕಪಕ್ಷೀಯ ಆಜ್ಞೆಯ ವಿಷಯದಲ್ಲಿ ಈ ವಾದ ಇನ್ನೂ ದುರ್ಬಲ. ಎದುರಾಳಿಗೆ ನೋಟಿಸು ಕೊಟ್ಟ ಮೇಲೆಯೇ ಇಂಜಂಕ್ಷನ್ ಕೊಡಬೇಕು ಎಂಬುದು 39ನೇ ಆದೇಶದ 3ನೇ ನಿಯಮ. ತಡವಾದರೆ ಉದ್ದೇಶವೇ ಕೆಡುತ್ತದೆ ಎನ್ನುವಾಗ ಮಾತ್ರ ನೋಟಿಸು ಇಲ್ಲದೆ ಕೊಡಬಹುದು, ಅದಕ್ಕೂ ಕಾರಣ ಬರೆಯಲೇಬೇಕು. ಆಜ್ಞೆ ಪಡೆದವನು ಅರ್ಜಿ, ವಾದಪತ್ರ, ಪ್ರಮಾಣಪತ್ರ, ದಾಖಲೆಗಳ ಪ್ರತಿಗಳನ್ನು ಎದುರಾಳಿಗೆ ಕೂಡಲೇ ತಲುಪಿಸಬೇಕು ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಹಾಗೆ ಮಾಡಿರುವುದಾಗಿ ಅದೇ ದಿನ ಇಲ್ಲವೇ ಮರುದಿನ ಪ್ರಮಾಣಪತ್ರ ಸಲ್ಲಿಸಬೇಕು. 30 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ನ್ಯಾಯಾಲಯ ಯತ್ನಿಸಬೇಕು, ಆಗದಿದ್ದರೆ ಏಕೆ ಆಗಲಿಲ್ಲವೆಂದು ಬರೆಯಬೇಕು ಎನ್ನುತ್ತದೆ 3ಎ ನಿಯಮ. ಇಷ್ಟೊಂದು ಕಟ್ಟುಪಾಡುಗಳನ್ನು ಶಾಸನ ಹಾಕಿರುವುದು ಒಬ್ಬನ ಮಾತು ಮಾತ್ರ ಕೇಳಿ ಕೊಟ್ಟ ಆಜ್ಞೆಯ ಮೇಲೆ ಅದಕ್ಕೇ ಪೂರ್ತಿ ನಂಬಿಕೆ ಇಲ್ಲದ ಕಾರಣ. ಕೊಟ್ಟ ಶಾಸನಕ್ಕೇ ಇಲ್ಲದ ನಂಬಿಕೆಯನ್ನು ಊರಿನವರು ಅದರ ಮೇಲೆ ಇಡುತ್ತಿದ್ದಾರೆ.

ತಡೆದದ್ದು ಅಳಿದಂತಲ್ಲ

ಎರಡನೆಯ ವಾದ: ಕೆಳಗಿನ ಆದೇಶಕ್ಕೆ ಮೇಲಿನ ನ್ಯಾಯಾಲಯ ತಡೆ ಕೊಟ್ಟರೆ ಆ ಆದೇಶ ‘ಬಿದ್ದುಹೋಯಿತು’. ರಾಜಕಾರಣದಲ್ಲಿ ಈ ಮಾತಿಗೆ ಬಹಳ ಗಿರಾಕಿಗಳಿದ್ದಾರೆ. ಇದಕ್ಕೆ ನೇರ ಉತ್ತರ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ, 1992ರಲ್ಲಿ ತೀರ್ಮಾನವಾದ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿದೆ. ಆ ಕಂಪನಿ ರೋಗಗ್ರಸ್ತ ಕೈಗಾರಿಕೆ ಎಂದು ಗುರುತಿಸಲ್ಪಟ್ಟಿತ್ತು. ಅದಕ್ಕೆ ಸಂಬಂಧಿಸಿದ ಮೇಲ್ಮನವಿಯನ್ನು ಮೇಲ್ಮನವಿ ಪ್ರಾಧಿಕಾರ ವಜಾ ಮಾಡಿತು, ಆ ವಜಾ ಆದೇಶಕ್ಕೆ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಕಂಪನಿಯ ವಾದ ಇದು: ವಜಾ ಆದೇಶಕ್ಕೇ ತಡೆ ಬಂದ ಮೇಲೆ ಮೇಲ್ಮನವಿ ಮತ್ತೆ ಜೀವ ಪಡೆದಂತಾಯಿತು, ಮೇಲ್ಮನವಿ ಬಾಕಿಯಿರುವವರೆಗೆ ಶಾಸನ ಕೊಡುವ ರಕ್ಷಣೆ ತನಗಿದೆ, ಆದ್ದರಿಂದ ತನ್ನ ಮೇಲಿನ ನಡವಳಿಗಳನ್ನು ಮುಂದುವರಿಸುವಂತಿಲ್ಲ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದೇಶವನ್ನು ರದ್ದು ಮಾಡಿದರೆ ಅದು ಹೊರಡುವ ಮೊದಲಿದ್ದ ಸ್ಥಿತಿ ಮರಳಿ ಬರುತ್ತದೆ. ತಡೆ ಕೊಟ್ಟರೆ ಆ ದಿನದಿಂದ ಆದೇಶ ಜಾರಿಯಲ್ಲಿರುವುದಿಲ್ಲ ಅಷ್ಟೇ, ಅದು ಅಸ್ತಿತ್ವದಿಂದ ಅಳಿಸಿಹೋಗುವುದಿಲ್ಲ. ಮೂರು ದಶಕ ಕಳೆದರೂ ಈ ನಿಲುವಿನ ತಿರುಳು ಕದಲಿಲ್ಲ.

ಇದೇ ತತ್ವ ಕ್ರಿಮಿನಲ್ ಪ್ರಕರಣದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಅಕ್ರಮ ಆಸ್ತಿ ಪ್ರಕರಣದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಜೆ. ಜಯಲಲಿತಾ ಅವರನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರ್ 27ರಂದು ದೋಷಿ ಎಂದು ಘೋಷಿಸಿ 4 ವರ್ಷದ ಸೆರೆವಾಸ, 100 ಕೋಟಿ ರೂಪಾಯಿ ದಂಡ ವಿಧಿಸಿತು. ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಅಭಿಮಾನಿಗಳ ಪಾಲಿಗೆ ಅದು ಗೆಲುವು. ಕಾನೂನಿನ ಪಾಲಿಗೆ ಅಮಾನತಾಗಿದ್ದು ಶಿಕ್ಷೆ ಮಾತ್ರ, ದೋಷಿ ಎಂಬ ತೀರ್ಮಾನ ಹಾಗೆಯೇ ನಿಂತಿತ್ತು. ಆದ್ದರಿಂದಲೇ ಶಾಸಕ ಸ್ಥಾನವೂ ಮರಳಲಿಲ್ಲ, ಮುಖ್ಯಮಂತ್ರಿ ಪದವಿಯೂ ಮರಳಲಿಲ್ಲ. 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿದ ಮೇಲಷ್ಟೇ, ಮೇ 23ರಂದು ಅವರು ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ಆ ಖುಲಾಸೆಯೂ ಉಳಿಯಲಿಲ್ಲ. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೇಲ್ಮನವಿ ಕೊನೆಗೊಂಡಿತು, ಅದೇ ಪ್ರಕರಣದ ಉಳಿದ ಮೂವರು ಆರೋಪಿಗಳು ಜೈಲಿಗೆ ಹೋದರು. ಶಿಕ್ಷೆ ಅಮಾನತಾದಾಗಲೆಲ್ಲ ‘ಆರೋಪಮುಕ್ತ’ ಎಂಬ ಫ್ಲೆಕ್ಸ್ ಕಟ್ಟುವವರಿಗೆ ಈ ಒಂದು ಪ್ರಕರಣದ ದಿನಾಂಕಗಳೇ ಸಾಕಾದ ಉತ್ತರ.

ಕಾವೇರಿ ಕಲಿಸಿದ್ದು

ಮಧ್ಯಂತರ ಆದೇಶವನ್ನು ಗೆಲುವು–ಸೋಲಿನ ಭಾಷೆಯಲ್ಲಿ ಓದಿದ್ದರ ಬೆಲೆಯನ್ನು ಕನ್ನಡಿಗರಷ್ಟು ತೆತ್ತವರು ಕಡಿಮೆ. ಕಾವೇರಿ ಜಲವಿವಾದ ನ್ಯಾಯಮಂಡಳಿ 1991ರ ಜೂನ್ 25ರಂದು ಕೊಟ್ಟ ಮಧ್ಯಂತರ ಆದೇಶ, ಮೆಟ್ಟೂರು ಜಲಾಶಯಕ್ಕೆ ವರ್ಷಕ್ಕೆ 205 ಟಿಎಂಸಿ ನೀರು ಸೇರುವಂತೆ ಕರ್ನಾಟಕ ನೋಡಿಕೊಳ್ಳಬೇಕು, 11.2 ಲಕ್ಷ ಎಕರೆಗಿಂತ ಹೆಚ್ಚಿಗೆ ನೀರಾವರಿ ವಿಸ್ತರಿಸಬಾರದು ಎಂದಿತು. ತಮಿಳುನಾಡು ಅದನ್ನು ತನ್ನ ಹಕ್ಕಿಗೆ ಬಿದ್ದ ಮುದ್ರೆ ಎಂದು ಓದಿತು, ಕರ್ನಾಟಕ ತನಗೆ ಬಿದ್ದ ತೀರ್ಪು ಎಂದು ಓದಿತು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಆದೇಶವನ್ನು ಬದಿಗೊತ್ತಲು ಹೊರಟಿತು. ಅದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ನವೆಂಬರಿನಲ್ಲಿ ಅಭಿಪ್ರಾಯ ಕೊಟ್ಟಿತು. ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಭಾಗದಲ್ಲಿ ಗಲಭೆಯಾಗಿ ಜೀವಗಳು ಹೋದವು.

ಆದರೆ 205 ಎಂಬ ಅಂಕಿ ಯಾರ ಹಕ್ಕನ್ನೂ ಅಳೆದು ಹೇಳಿದ್ದಾಗಿರಲಿಲ್ಲ. ಅದು ಹಿಂದಿನ ಕೆಲವು ವರ್ಷಗಳ ಹರಿವಿನ ಸರಾಸರಿಯಿಂದ ಬಂದದ್ದು, ಅಂತಿಮ ಹಂಚಿಕೆಯವರೆಗೆ ಇದ್ದ ಸ್ಥಿತಿಯನ್ನು ಹಿಡಿದಿಡುವುದಕ್ಕಾಗಿ ಹೇಳಿದ್ದು. ಎರಡೂ ಕಡೆಯ ಲೆಕ್ಕ, ಬೆಳೆ, ಒಪ್ಪಂದಗಳ ವಿಚಾರಣೆ ಮುಗಿದ ಮೇಲೆ 2007ರ ಫೆಬ್ರವರಿ 5ರ ಐತೀರ್ಪು ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಎಂದು ನಿಗದಿ ಮಾಡಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 177.25 ಟಿಎಂಸಿಗೆ ಇಳಿಸಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ ಬೆಂಗಳೂರಿನ ಕುಡಿಯುವ ನೀರಿನ ಪಾಲೂ ಇತ್ತು. ಅಳತೆಯ ಜಾಗ ಬೇರೆಯಾದ್ದರಿಂದ ಮೊದಲ ಅಂಕಿಯನ್ನು ಉಳಿದೆರಡರ ಪಕ್ಕ ಹಾಗೆಯೇ ಇಟ್ಟು ಕಳೆಯುವಂತಿಲ್ಲ. ಆದರೂ ಮಾತು ಸ್ಪಷ್ಟ: 1991ರ ಆದೇಶವನ್ನು ಗೆಲುವೆಂದವರೂ ಸೋಲೆಂದವರೂ ಓದಿದ್ದು ಅದರಲ್ಲಿ ಇಲ್ಲದ ಅರ್ಥವನ್ನು.

ಗುರಾಣಿ ಆಯುಧವಾದಾಗ

ನಂಬಿಕೆ ತಪ್ಪಾಗಿದ್ದು ಅಲ್ಲಿಗೇ ನಿಂತಿದ್ದರೆ ಖಂಡನೆಗೆ ಇಷ್ಟು ಕಾರಣವಿರುತ್ತಿರಲಿಲ್ಲ. ಸ್ಟೇ ಎಂದರೆ ಗೆಲುವು ಎಂದು ಸಮಾಜ ಒಪ್ಪಿಕೊಂಡ ಕೂಡಲೇ, ಗೆಲ್ಲಲಾರದ ಕೇಸನ್ನೂ ಸ್ಟೇಗಾಗಿಯೇ ಹೂಡುವವರು ಹುಟ್ಟಿಕೊಳ್ಳುತ್ತಾರೆ. ಬೆಂಗಳೂರಿನ ಒಂದು ಅಂಗಡಿಯ ಕಥೆ ಇದಕ್ಕೆ ಹಳೆಯ, ಆದರೆ ಹಳತಾಗದ ನಿದರ್ಶನ. 1977ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆದೇಶದಲ್ಲಿ ಅದರ ಪೂರ್ತಿ ವಿವರವಿದೆ.

ಬಾಡಿಗೆದಾರ ಅಂಗಡಿ ಖಾಲಿ ಮಾಡಬೇಕೆಂಬ ಆದೇಶವಾಯಿತು. ಅವನು ಮೇಲ್ಮನವಿ ಹಾಕಿ ಸೋತ, ಹೈಕೋರ್ಟಿಗೆ ಪುನರೀಕ್ಷಣಾ ಅರ್ಜಿ ಹಾಕಿ ಸೋತ. ಆದರೂ ಹೈಕೋರ್ಟ್ ಕನಿಕರದಿಂದ ಆರು ತಿಂಗಳಿಗೂ ಹೆಚ್ಚು ಕಾಲಾವಕಾಶ ಕೊಟ್ಟಿತು. ಅದು ಮುಗಿಯುತ್ತ ಬಂದಾಗ ಇನ್ನಷ್ಟು ಸಮಯ ಕೇಳಿದ. ಈ ನಡುವೆ ಅವನ ಮಗ ಮುನ್ಸಿಫ್ ನ್ಯಾಯಾಲಯದಲ್ಲಿ ಹೊಸ ದಾವೆ ಹೂಡಿ, ಖಾಲಿ ಮಾಡಿಸುವ ಆದೇಶವನ್ನು ಮೋಸದಿಂದ ಪಡೆಯಲಾಗಿದೆ, ಅದರ ಜಾರಿಗೆ ಇಂಜಂಕ್ಷನ್ ಬೇಕು ಎಂದ. ಆ ದಾವೆ ಹಿಂತೆಗೆದುಕೊಳ್ಳುವರೆಂಬ ಭರವಸೆಯ ಮೇಲೆ ಹೈಕೋರ್ಟ್ ಮಾಲೀಕನನ್ನು ಒಪ್ಪಿಸಿ ಮತ್ತೆ ಐದು ತಿಂಗಳು ಕೊಡಿಸಿತು. ಐದು ತಿಂಗಳು ಅನುಭವಿಸಿದ ಮೇಲೆ ಅದೇ ವಾದಪತ್ರದ ಪಡಿಯಚ್ಚನ್ನು ಇನ್ನೊಬ್ಬ ಮುನ್ಸಿಫರ ಮುಂದೆ ಹಾಕಿ ಏಕಪಕ್ಷೀಯ ಇಂಜಂಕ್ಷನ್ ಪಡೆದರು. ಮಾಲೀಕ ಹಾಜರಾಗಿ ನಿಜ ತೋರಿಸಿದಾಗ ಅದು ತೆರವಾಯಿತು. ಅದರ ಮೇಲಿನ ಮೇಲ್ಮನವಿಯೂ ಬಿತ್ತು. ಆಗ ಹೈಕೋರ್ಟಿಗೆ ಹೋಗಿ ಮತ್ತೊಮ್ಮೆ ತಡೆ ತಂದರು. ಕೊನೆಗೆ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿ, ಇಂಥ ದಾವೆಗಳನ್ನು ಮೊದಲ ವಿಚಾರಣೆಯಲ್ಲೇ ಚಿವುಟಿಹಾಕಬೇಕು, ವಾದಪತ್ರವನ್ನು ಅರ್ಥವಿಟ್ಟು ಓದಿದಾಗ ಹುರುಳಿಲ್ಲವೆಂದು ಕಂಡರೆ 7ನೇ ಆದೇಶದ 11ನೇ ನಿಯಮದಡಿ ತಿರಸ್ಕರಿಸಬೇಕು ಎಂದಿತು.

ಇಡೀ ಕಥೆಯಲ್ಲಿ ತಂದೆ–ಮಗ ಹಕ್ಕಿನ ವಿಷಯದಲ್ಲಿ ಒಂದು ಬಾರಿಯೂ ಗೆಲ್ಲಲಿಲ್ಲ. ಅಂಗಡಿಯಲ್ಲಿ ಮಾತ್ರ ಕುಳಿತೇ ಇದ್ದರು. ‘ಸ್ಟೇಯೇ ಗೆಲುವು’ ಎಂಬ ನಂಬಿಕೆ ಸಮರ್ಥಿಸುವುದು ಈ ಕುಳಿತಿರುವಿಕೆಯನ್ನು.

ಇಂದಿಗೂ ಬೆಂಗಳೂರಿನ ಹೊರವಲಯದ ಖಾಲಿ ನಿವೇಶನಗಳ ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ದಾವೆಯ ನಂಬರು ಬರೆದು ‘ಈ ಸ್ವತ್ತಿಗೆ ನ್ಯಾಯಾಲಯದ ತಡೆಯಾಜ್ಞೆ ಇರುತ್ತದೆ’ ಎಂಬ ಬರಹ ಕಾಣುತ್ತದೆ. ಆಜ್ಞೆ ಯಾರ ವಿರುದ್ಧ, ಯಾವ ಕೆಲಸಕ್ಕೆ, ಎಂದಿನವರೆಗೆ ಎಂಬುದನ್ನು ಬರಹ ಹೇಳುವುದಿಲ್ಲ. ಇಂಜಂಕ್ಷನ್ ಕಟ್ಟಿಹಾಕುವುದು ದಾವೆಯ ಪ್ರತಿವಾದಿಗಳನ್ನು, ಅದರಲ್ಲಿ ಬರೆದಿರುವ ಕೃತ್ಯದ ಮಟ್ಟಿಗೆ. ಬರಹ ಮಾತ್ರ ದಾರಿಹೋಕರನ್ನೆಲ್ಲ ಹೆದರಿಸುತ್ತದೆ. ಹಳ್ಳಿಯಲ್ಲಿ ಇದೇ ಕೆಲಸವನ್ನು ಪಹಣಿಯ 11ನೇ ಕಾಲಂ ಮಾಡುತ್ತದೆ. ಅಲ್ಲಿ ತಡೆಯಾಜ್ಞೆಯ ನಮೂದು ಒಮ್ಮೆ ಕುಳಿತರೆ, ದಾವೆ ವಜಾ ಆದ ಮೇಲೂ ಅದನ್ನು ತೆಗೆಸಲು ರೈತ ತಾಲ್ಲೂಕು ಕಚೇರಿ ಅಲೆಯಬೇಕು. ಅದಿರುವಷ್ಟು ದಿನ ಜಮೀನು ಕೊಳ್ಳುವವರು ಹಿಂಜರಿಯುತ್ತಾರೆ, ಬ್ಯಾಂಕು ಸಾಲಕ್ಕೆ ತಕರಾರು ತೆಗೆಯುತ್ತದೆ. ಒಡೆತನದ ಬಗ್ಗೆಯೇ ಗಂಭೀರ ವಿವಾದವಿರುವಾಗ ಬರಿಯ ಇಂಜಂಕ್ಷನ್ ದಾವೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕು ಎಂದು 2008ರಲ್ಲೇ ಸುಪ್ರೀಂ ಕೋರ್ಟ್ ನಿಯಮ ಹಾಕಿಕೊಟ್ಟಿದೆ. ಹಕ್ಕು ಸಾಬೀತುಪಡಿಸುವ ಹೊರೆ ಬೇಡ, ತಡೆ ಮಾತ್ರ ಬೇಕು ಎನ್ನುವವರು ಈಗಲೂ ಬರಿಯ ಇಂಜಂಕ್ಷನ್ನಿಗೇ ಬರುತ್ತಾರೆ.

ಬಾಯಿ ಮುಚ್ಚಿಸುವ ಆಜ್ಞೆಗಳದ್ದು ಇನ್ನೊಂದು ಬಗೆ. 2024ರ ಮಾರ್ಚ್ 1ರಂದು ದೆಹಲಿಯ ವಿಚಾರಣಾ ನ್ಯಾಯಾಲಯವೊಂದು ಝೀ ಸಂಸ್ಥೆಯ ಬಗ್ಗೆ ಬ್ಲೂಮ್‌ಬರ್ಗ್ ಪ್ರಕಟಿಸಿದ್ದ ವರದಿಯನ್ನು ತೆಗೆದುಹಾಕುವಂತೆ ಏಕಪಕ್ಷೀಯ ಆಜ್ಞೆ ಕೊಟ್ಟಿತು. ಹೈಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಮಾರ್ಚ್ 22ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುತ್ತ, ಮೂರು ಅಂಶಗಳ ಹೆಸರು ಹೇಳಿದರೆ ಸಾಲದು, ಪ್ರಕರಣದ ಸಂಗತಿಗಳಿಗೆ ಅವು ಹೇಗೆ ಹೊಂದುತ್ತವೆ ಎಂದು ವಿವರಿಸಬೇಕು ಎಂದಿತು. ಇಂಥ ಮಧ್ಯಂತರ ಆಜ್ಞೆ ಬರಹಕ್ಕೆ ವಿಚಾರಣೆಯ ಮೊದಲೇ ವಿಧಿಸಿದ ಮರಣದಂಡನೆಯಂತಾಗಬಹುದು ಎಂದೂ ಎಚ್ಚರಿಸಿತು. ಕರ್ನಾಟಕದಲ್ಲೂ ಚುನಾವಣೆ, ಹಗರಣಗಳ ಹೊತ್ತಿನಲ್ಲಿ ಮಾಧ್ಯಮಗಳ ವಿರುದ್ಧ ಸಾಲುಸಾಲಾಗಿ ಏಕಪಕ್ಷೀಯ ಆಜ್ಞೆ ತರುವುದು ರೂಢಿಯಾಗಿದೆ. ಸುದ್ದಿಯ ಕಾಲ ಮುಗಿದ ಮೇಲೆ ದಾವೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಬೇಕಾಗಿದ್ದು ದಾವೆಯಲ್ಲ, ಆ ಕೆಲವು ವಾರಗಳ ಮೌನ.

ವಿಳಂಬದ ವಾದ

ಪ್ರಚಲಿತ ನಂಬಿಕೆಯ ಪರವಾಗಿರುವ ಗಟ್ಟಿ ವಾದ ಒಂದೇ, ಅದು ವಿಳಂಬದ್ದು. ದಾವೆ ಮುಗಿಯಲು ಹತ್ತು, ಇಪ್ಪತ್ತು ವರ್ಷ ಹಿಡಿಯುವ ನಾಡಿನಲ್ಲಿ ಮಧ್ಯಂತರ ಆದೇಶವೇ ಅಂತಿಮ. ಪುಸ್ತಕ ಏನೇ ಹೇಳಲಿ, ಬದುಕಿನಲ್ಲಿ ಸ್ಟೇಯೇ ತೀರ್ಪು ಎಂಬುದು ಅದರ ಸಾರ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಾವೇರಿಯ ಮಧ್ಯಂತರ ಆದೇಶವೇ ಅಂತಿಮ ಐತೀರ್ಪು ಬರುವವರೆಗೆ 15 ವರ್ಷ ದಾಟಿ ನಡೆಯಿತು. ಬುಲ್ಡೋಜರ್ ಬಾಗಿಲಿಗೆ ಬಂದವನಿಗೆ, ಗುತ್ತಿಗೆದಾರ ಕೊಡಲಿ ಹಿಡಿದು ನಿಂತ ಮರದ ಪರ ಅರ್ಜಿ ಹಾಕಿದವನಿಗೆ ಆ ದಿನದ ತಡೆಯೇ ನ್ಯಾಯ. ಬಿದ್ದ ಮನೆಯನ್ನು, ಉರುಳಿದ ಮರವನ್ನು ಹತ್ತು ವರ್ಷದ ನಂತರದ ಡಿಕ್ರಿ ಎತ್ತಿ ನಿಲ್ಲಿಸಲಾರದು. ತಡೆಯಾಜ್ಞೆ ಇರಬೇಕಾದ್ದು ಇಂಥವರಿಗಾಗಿ.

ಆದರೆ ಈ ವಾದ ಹೇಳುವುದು ತಡೆಯಾಜ್ಞೆ ಬೇಕು ಎಂಬುದನ್ನು, ಅದು ಗೆಲುವು ಎಂಬುದನ್ನಲ್ಲ. ವಿಳಂಬ ಒಂದು ರೋಗ. ರೋಗವಿದೆ ಎಂಬ ಕಾರಣಕ್ಕೆ ಅದರ ಲಕ್ಷಣವನ್ನೇ ಆರೋಗ್ಯ ಎಂದು ಕರೆಯುವುದು ವಿವೇಕವಲ್ಲ. ಸ್ಟೇ ಪಡೆದವನು ಗೆದ್ದ ಎಂದು ಒಪ್ಪಿಕೊಂಡಲ್ಲಿ ವಿಳಂಬವೂ ಹೆಚ್ಚುತ್ತದೆ. ಸ್ಟೇ ಕೈಯಲ್ಲಿರುವ ವಾದಿಗೆ ಕೇಸು ಮುಗಿಸುವ ಅವಸರವಿಲ್ಲ. ಅವನ ಕಡೆಯಿಂದ ಸಾಕ್ಷಿ ಬರುವುದಿಲ್ಲ, ವಕೀಲರಿಗೆ ಪುರುಸೊತ್ತಿರುವುದಿಲ್ಲ, ಮುದ್ದತ್ತಿನ ಮೇಲೆ ಮುದ್ದತ್ತು ಬೀಳುತ್ತದೆ. ವಿಳಂಬದಿಂದ ಹುಟ್ಟಿದ ನಂಬಿಕೆ ವಿಳಂಬವನ್ನೇ ಸಾಕುತ್ತದೆ.

ಈ ಗಂಟನ್ನು ಒಂದೇ ಏಟಿಗೆ ಕತ್ತರಿಸುವ ಪ್ರಯತ್ನವೂ ನಡೆದಿದೆ. 2018ರ ಏಷ್ಯನ್ ರೀಸರ್ಫೇಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಿವಿಲ್ ಮತ್ತು ಕ್ರಿಮಿನಲ್ ವಿಚಾರಣೆಗಳಿಗೆ ಕೊಟ್ಟ ತಡೆ ಕಾರಣಸಹಿತ ಆದೇಶದಿಂದ ವಿಸ್ತರಣೆಯಾಗದಿದ್ದರೆ ಆರು ತಿಂಗಳಿಗೆ ತಾನಾಗಿಯೇ ಕೊನೆಗೊಳ್ಳುತ್ತದೆ ಎಂದಿತು. ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 29ರಂದು ಅದನ್ನು ತಳ್ಳಿಹಾಕಿತು. ಪ್ರಕರಣ ಪಟ್ಟಿಗೆ ಬರದಿದ್ದುದು ಕಕ್ಷಿದಾರನ ತಪ್ಪಲ್ಲ, ಅದಕ್ಕೆ ಅವನ ರಕ್ಷಣೆ ಕಿತ್ತುಕೊಳ್ಳಬಾರದು ಎಂಬುದು ಅದರ ಮುಖ್ಯ ಕಾರಣ. ತಡೆಯನ್ನು ಗೆಲುವೆಂದು ಭಾವಿಸುವವರು ಈ ತೀರ್ಪನ್ನು ತಮ್ಮ ಪರ ಎಣಿಸಿಕೊಳ್ಳುವುದುಂಟು. ಅದು ಸರಿಯಲ್ಲ. ತಡೆ ತಾನಾಗಿ ಬೀಳುವುದಿಲ್ಲ ಎಂದರೆ ಎಂದೆಂದಿಗೂ ನಿಲ್ಲುತ್ತದೆ ಎಂದಲ್ಲ. ಅದನ್ನು ತೆಗೆಯಲು ಅರ್ಜಿ ಬೇಕು, ಎರಡೂ ಕಡೆಯ ವಾದ ಬೇಕು ಎಂದಷ್ಟೇ.

ಬರೀ ಕಾಗದವೂ ಅಲ್ಲ

ಗೆಲುವಲ್ಲ ಎಂಬುದರಿಂದ ತಡೆಯಾಜ್ಞೆ ಬರೀ ಕಾಗದ ಎಂಬ ತೀರ್ಮಾನಕ್ಕೂ ಹಾರುವಂತಿಲ್ಲ. ಮಧ್ಯಂತರ ಆದೇಶ ಹಕ್ಕನ್ನು ತೀರ್ಮಾನಿಸುವುದಿಲ್ಲ, ನಡತೆಯನ್ನು ಮಾತ್ರ ಕಟ್ಟಿಹಾಕುತ್ತದೆ. ಇಂಜಂಕ್ಷನ್ ಮೀರಿದವನ ಆಸ್ತಿ ಜಪ್ತಿ ಮಾಡಲು, ಅವನನ್ನು 3 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿಡಲು 39ನೇ ಆದೇಶದ 2ಎ ನಿಯಮ ಅಧಿಕಾರ ಕೊಡುತ್ತದೆ. 1971ರ ನ್ಯಾಯಾಂಗ ನಿಂದನೆ ಕಾಯಿದೆಯಡಿ 6 ತಿಂಗಳ ಸಾದಾ ಸೆರೆವಾಸಕ್ಕೂ ಅವಕಾಶವಿದೆ. ಆ ದಾವೆ ಕೇಳುವ ಅಧಿಕಾರವೇ ನ್ಯಾಯಾಲಯಕ್ಕಿರಲಿಲ್ಲ ಎಂದು ಮುಂದೆ ತೀರ್ಮಾನವಾದರೂ, ಅಲ್ಲಿಯವರೆಗೆ ಆಜ್ಞೆ ಮೀರಿದ್ದಕ್ಕೆ ಶಿಕ್ಷೆ ತಪ್ಪದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಆಜ್ಞೆ ತಪ್ಪೆಂದು ಕಂಡರೆ ತೆರವು ಮಾಡಿಸಬೇಕು, ಮೀರಬಾರದು. ಗೆಲುವೆಂದು ಮೆರೆಯುವವನೂ ಕಾಗದವೆಂದು ಹರಿಯುವವನೂ ಮಾಡುವ ತಪ್ಪು ಒಂದೇ: ಇಬ್ಬರೂ ಆದೇಶದಲ್ಲಿ ಬರೆದದ್ದನ್ನು ಓದುವುದಿಲ್ಲ.

ಎದುರಾಳಿಯ ಕೈಯಲ್ಲಿರುವ ದಾರಿಗಳು

ಸ್ಟೇ ಬಂದ ಕೂಡಲೇ ಕೈಚೆಲ್ಲುವವರು ಕಾನೂನು ತಮಗೆ ಕೊಟ್ಟಿರುವುದನ್ನು ಬಳಸದೆ ಬಿಡುತ್ತಿದ್ದಾರೆ. ದಾವೆ ಬರಬಹುದೆಂಬ ಸುಳಿವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ ಹಾಕಬಹುದು. ಅದು 90 ದಿನ ಜೀವಂತವಾಗಿರುತ್ತದೆ, ಆ ಅವಧಿಯಲ್ಲಿ ಕೇವಿಯಟ್ ಹಾಕಿದವರಿಗೆ ನೋಟಿಸು ಹೋಗಬೇಕು. ಆಜ್ಞೆ ಬಂದಿದ್ದರೆ 39ನೇ ಆದೇಶದ 4ನೇ ನಿಯಮದಡಿ ತೆರವಿಗೆ ಅರ್ಜಿ ಹಾಕಬಹುದು. ಅರ್ಜಿದಾರ ಮುಖ್ಯ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ ಏಕಪಕ್ಷೀಯ ಆಜ್ಞೆ ಪಡೆದಿದ್ದರೆ ಅದನ್ನು ತೆರವು ಮಾಡಲೇಬೇಕೆಂಬುದು ನಿಯಮ. ಹಾಗೆ ಮಾಡದಿದ್ದರೆ ನ್ಯಾಯಾಲಯ ಕಾರಣ ಬರೆಯಬೇಕು. ರಿಟ್ ಅರ್ಜಿಯಲ್ಲಿ ಎದುರಾಳಿಗೆ ದಾಖಲೆ ಕೊಡದೆ, ಅವನ ಮಾತು ಕೇಳದೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದ್ದರೆ ಸಂವಿಧಾನದ 226(3)ನೇ ವಿಧಿ ಇದೆ. ತೆರವಿನ ಅರ್ಜಿಯನ್ನು ಎರಡು ವಾರಗಳೊಳಗೆ ತೀರ್ಮಾನಿಸದಿದ್ದರೆ ಆದೇಶ ತೆರವಾಗುತ್ತದೆ ಎಂದು ಅದು ಹೇಳುತ್ತದೆ. ಮಧ್ಯಂತರ ಆದೇಶದಿಂದ ಒಬ್ಬ ಪಡೆದ ಲಾಭವನ್ನು ಅಂತಿಮವಾಗಿ ಸೋತಾಗ ಬಡ್ಡಿಸಮೇತ ಹಿಂತಿರುಗಿಸಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2003ರ ಸೌತ್ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಶಾಸನದ ಕೈ ಬಿಗಿಯಾಗಬೇಕಾದದ್ದು ಒಂದು ಕಡೆ. ಸಾಕಷ್ಟು ಆಧಾರವಿಲ್ಲದೆ ಇಂಜಂಕ್ಷನ್ ತಂದವನಿಂದ ಸಂಹಿತೆಯ 95ನೇ ಕಲಮಿನಡಿ ಕೊಡಿಸಬಹುದಾದ ಪರಿಹಾರದ ಮಿತಿ 50,000 ರೂಪಾಯಿ. ಸುಳ್ಳು ಅಥವಾ ಕಿರುಕುಳದ ದಾವೆಗೆ 35ಎ ಕಲಮಿನಡಿ ವಿಧಿಸಬಹುದಾದ ಪರಿಹಾರವೆಚ್ಚದ ಮಿತಿ 3,000 ರೂಪಾಯಿ. ಕೋಟಿಗಳಲ್ಲಿ ಬೆಲೆ ಬಾಳುವ ನಿವೇಶನವನ್ನು ವರ್ಷಗಟ್ಟಲೆ ಕಟ್ಟಿಹಾಕಲು ಇದು ತೀರ ಅಗ್ಗದ ಬಾಡಿಗೆ. ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ತನ್ನ ವ್ಯಾಪ್ತಿಯ ದಾವೆಗಳ ಮಟ್ಟಿಗೆ 3,000 ರೂಪಾಯಿಯ ಮಿತಿಯನ್ನು ತೆಗೆದುಹಾಕಿದೆ. ಸಾಮಾನ್ಯ ದಾವೆಗಳಿಗೂ ಅದೇ ಆಗಬೇಕು, 95ನೇ ಕಲಮಿನ ಮಿತಿ ಆಸ್ತಿಯ ಬೆಲೆಗೆ ತಕ್ಕಂತೆ ಏರಬೇಕು. ತಡೆ ಕೊಡುವ ದಿನವೇ ನಷ್ಟ ತುಂಬಿಕೊಡುವ ಮುಚ್ಚಳಿಕೆ ಬರೆಸಿಕೊಳ್ಳುವುದು ರೂಢಿಯಾಗಬೇಕು. ಪತ್ರಿಕೆಗಳು ಸ್ಟೇಯ ಸುದ್ದಿಯಲ್ಲಿ ‘ಗೆಲುವು’, ‘ಹಿನ್ನಡೆ’ ಎಂಬ ಪದಗಳನ್ನು ಬಿಟ್ಟು, ಆದೇಶ ಯಾರನ್ನು, ಯಾವುದರಿಂದ, ಎಂದಿನವರೆಗೆ ತಡೆದಿದೆ ಎಂದು ಬರೆಯಬೇಕು. ಮತ್ತು ನಾಳೆ ಯಾರಾದರೂ ತಡೆಯಾಜ್ಞೆಯ ಪ್ರತಿಯನ್ನು ಮುಖಕ್ಕೆ ಹಿಡಿದಾಗ ಓದುಗರು ರಾಜಿಗೆ ಕೂರುವ ಮೊದಲು ಆ ಪ್ರತಿಯನ್ನು ಪೂರ್ತಿ ಓದಿಸಿಕೊಳ್ಳಬೇಕು: ಎರಡೂ ಕಡೆ ಕೇಳಿ ಕೊಟ್ಟದ್ದೇ, ಮುಂದಿನ ತಾರೀಖು ಯಾವಾಗ, ಕೊನೆಯ ಸಾಲಿನಲ್ಲಿ ಏನಿದೆ? ಹಕ್ಕನ್ನು ಹೇಳುವುದು ಡಿಕ್ರಿ. ಅದು ಬರುವವರೆಗೆ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ.